ಎದುರು ಗ್ಯಾಲರಿಯ ಟ್ರೊಂಬೋನ್

ಪಕ್ಕವಾದ್ಯದವಳಿಗೆ ಕಿವಿಯೇ ಬಂಡವಾಳ. ಮೈಸೂರಿನಲ್ಲಿ ಪಿಟೀಲು ಕಲಿಸಿದ ಗುರುಗಳು, ಹಾಡುವವರು ಉಸಿರೆಳೆದರೂ ನಿನಗೆ ಕೇಳಿಸಬೇಕು ಎನ್ನುತ್ತಿದ್ದರು. ಕಿವಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ನೈರೋಬಿಯಲ್ಲಿ ಹುಟ್ಟಿ ಬೆಳೆದ ಮಗಳು ಮಾತ್ರ ಒಪ್ಪುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. "ಯು ನೆವರ್ ಲಿಸನ್, ಅಮ್ಮ" ಎಂಬುದು ಅವಳ ನಿತ್ಯದ ದೂರು.

ನೈರೋಬಿಯ ಥಿಕಾ ರಸ್ತೆ ಹೊಸದಾಗಿ ಅಗಲವಾಗಿದ್ದ ಕಾಲ. ನಾನು ನ್ಗಾರಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ; ಮಗಳು ಟ್ರೊಂಬೋನ್ ಊದುತ್ತಿದ್ದಳು. ಅವಳ ಗುರು, ಎಲ್ಲರೂ ಮ್ವಾಲಿಮು ಎಂದು ಕರೆಯುತ್ತಿದ್ದ ನಿವೃತ್ತ ಮೇಷ್ಟರು, ಊರ ನಡುವಿನ ಕಲ್ಲಿನ ಚರ್ಚಿನಲ್ಲಿ ನುಡಿಸಲು ನಾನೂರು ವರ್ಷ ಹಳೆಯ ಇಟಲಿಯ ಕೃತಿಯೊಂದನ್ನು ಆರಿಸಿದ್ದರು. ಹಾಡಿಲ್ಲ, ಬರೀ ವಾದ್ಯ. ಒಂದು ಗ್ಯಾಲರಿಯಲ್ಲಿ ಪಿಟೀಲುಗಳ ಮೇಳ, ಎದುರಿನದರಲ್ಲಿ ಟ್ರೊಂಬೋನ್‌ಗಳದು. ಒಂದರ ಮಾತಿಗೆ ಇನ್ನೊಂದು ಉತ್ತರ ಕೊಡಬೇಕು. ಒಂದು ಪಿಟೀಲು ಕಡಿಮೆ ಬಿದ್ದಾಗ ಮಗಳೇ ನನ್ನ ಹೆಸರು ಹೇಳಿದಳು. ಮುಂದಿನ ತಿಂಗಳು ಅವಳು ಓದಲು ಸ್ಕಾಟ್ಲೆಂಡಿಗೆ ಹೊರಡುವವಳಿದ್ದಳು. ಊಟ ಆಯ್ತಾ, ಬಟ್ಟೆ ಒಣಗಿತಾ ಎಂಬುದನ್ನು ಬಿಟ್ಟರೆ ನಾವಿಬ್ಬರೂ ಮಾತಾಡಿ ಎಷ್ಟು ಕಾಲವಾಗಿತ್ತೋ. ಕರೆದದ್ದೇ ಭಾಗ್ಯವೆಂದು ಹೋದೆ. ಅವಳು ಪಾಶ್ಚಾತ್ಯ ಸ್ವರಲಿಪಿಯನ್ನು ಓದಿ ಹೇಳಿದಳು, ನಾನು ಸರಿಗಮದಲ್ಲಿ ಬರೆದುಕೊಂಡೆ. ಆ ಎರಡು ಸಂಜೆಗಳು ಚೆನ್ನಾಗಿದ್ದವು.

ತಾಲೀಮಿನಲ್ಲಿ ಎಲ್ಲ ಕೆಟ್ಟಿತು. ಹಳೆಯ ಅಭ್ಯಾಸದಂತೆ ನಾನು ಎದುರಿನ ದನಿಗೆ ಕಾಯುತ್ತಿದ್ದೆ. ಅಷ್ಟು ದೊಡ್ಡ ಕಟ್ಟಡದಲ್ಲಿ ದನಿ ದಾಟಿ ಬರುವುದೇ ತಡವಾಗಿ. ಅದು ಕಿವಿಗೆ ಬಿದ್ದ ಮೇಲೆ ಕಮಾನು ಹಾಕಿದರೆ ಇನ್ನೂ ತಡ. ಮೂರು ಸಲ ಎಲ್ಲರೂ ನಿಲ್ಲಿಸಬೇಕಾಯಿತು. ಕೆಳಗೆ ನಿಂತು ಕೈಯಾಡಿಸಿ ಮೇಳ ನಡೆಸುತ್ತಿದ್ದ ಮ್ವಾಲಿಮು ಮೆಟ್ಟಿಲು ಹತ್ತಿ ಬಂದು ಮೆಲ್ಲಗೆ "ಪೋಲೆ, ಮಾಮಾ," ಬೇಸರ ಬೇಡ ತಾಯಿ, ಎಂದು ಸ್ವಾಹಿಲಿಯಲ್ಲಿ ಸಮಾಧಾನ ಹೇಳಿ, ಇಂಗ್ಲಿಷಿನಲ್ಲಿ, "ಇಲ್ಲಿ ಕಿವಿಯನ್ನು ನಂಬಬೇಡಿ. ಆ ಕಡೆ ಕೇಳಿಸಿಕೊಳ್ಳಲೇಬೇಡಿ, ನನ್ನ ಕೈ ಮಾತ್ರ ನೋಡಿ," ಎಂದರು. ಎದುರು ಗ್ಯಾಲರಿಯಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಕೃತಿಯ ನಡುವೆ ಒಂದು ಟ್ರೊಂಬೋನ್ ಒಂಟಿಯಾಗಿ ಕೇಳಿಸುವ ಸಣ್ಣ ಭಾಗವಿತ್ತು. ಅದು ಮಗಳದು. ಅದು ಮುಗಿದ ಮರುಗಳಿಗೆ ನಾವು ಎತ್ತಿಕೊಳ್ಳಬೇಕು. ಭಾನುವಾರದ ಕಛೇರಿಯ ಹಿಂದಿನ ದಿನ ಅವಳು, "ಜಸ್ಟ್ ವಾಚ್ ಹಿಮ್, ಅಮ್ಮ. ಬಟ್ ಲಿಸನ್ ಟು ಮೈ ಸೋಲೋ, ಓಕೆ?" ಎಂದಳು. ಆಗಲಿ ಎಂದೆ.

ಭಾನುವಾರ ಮಧ್ಯಾಹ್ನ ಆ ಕೈಯನ್ನು ಬಿಟ್ಟು ನಾನು ಬೇರೇನೂ ನೋಡಲಿಲ್ಲ. ಬೆರಳಿನ ಉಂಗುರ, ಸವೆದ ಕಫ್, ಮೇಲೆ ಕೆಳಗೆ. ಅವಳ ಭಾಗ ಬಂತು. ದೂರದಲ್ಲೆಲ್ಲೋ ಒಂದು ದನಿ ಹೋದದ್ದು ಗೊತ್ತಾಯಿತು; ನಾನು ಲೆಕ್ಕ ಹಾಕುತ್ತಿದ್ದೆ. ಕೈ ಇಳಿಯಿತು, ಸರಿಯಾಗಿ ಎತ್ತಿಕೊಂಡೆ. ಒಂದು ತಪ್ಪೂ ಆಗಲಿಲ್ಲ. ಮ್ವಾಲಿಮು ನನ್ನ ಕೈ ಕುಲುಕಿ ಅಸಾಂಟೆ ಎಂದು ಧನ್ಯವಾದ ಹೇಳಿದರು.

ಮನೆಗೆ ಬರುವಾಗ ವೃತ್ತದಲ್ಲಿ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡಿತು. ಮಗಳು ಟ್ರೊಂಬೋನ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಡಿಡ್ ಯು ಹಿಯರ್ ಇಟ್?" ಎಂದಳು.

"ಕೇಳಿಸ್ತು ಪುಟ್ಟಿ. ಎಷ್ಟ್ ಚೆನ್ನಾಗಿ ನುಡಿಸ್ದೆ. ಕಣ್ಣಲ್ಲಿ ನೀರು ಬಂತು ನಂಗೆ."

ಅವಳು ಕಿಟಕಿಯ ಕಡೆ ತಿರುಗಿದಳು. ಕಾರುಗಳು ಸ್ವಲ್ಪ ಮುಂದೆ ಸರಿದು ಮತ್ತೆ ನಿಂತವು.

"ಇಟ್ ವಾಸಂಟ್ ಮಿ," ಎಂದಳು. ಭಯಕ್ಕೆ ತುಟಿ ನಡುಗಿ ವಾದ್ಯವನ್ನು ಕೆಳಗಿಳಿಸಿದ್ದಳಂತೆ. ಪಕ್ಕದಲ್ಲಿದ್ದವರು ಅವಳ ಭಾಗವನ್ನೂ ನುಡಿಸಿ ಮಾನ ಉಳಿಸಿದ್ದರು.

ಮುಂದಿನ ಕಾರು ಸರಿದಾಗ ನಾನು ಗೇರ್ ಹಾಕಿದೆ. ಆಗ ಅವಳು, ಎಷ್ಟೋ ವರ್ಷಗಳ ಮೇಲೆ, ಕನ್ನಡದಲ್ಲಿ ಹೇಳಿದಳು:

"ನಿಂಗೆ ಗೊತ್ತಾಗತ್ತೆ ಅಂದ್ಕೊಂಡಿದ್ದೆ ಅಮ್ಮ."