ತಡವಾಗಿ ಏರುತ್ತಿದ್ದ ಸ್ವರ

ಆ ಶನಿವಾರ ಸಂಜೆ ಗಿಟಾರ್ ನುಡಿಸುತ್ತಿದ್ದ ಆ ಹಿರಿಯರು ವೇದಿಕೆ ಬಿಟ್ಟು ಹೋದರೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಹೋದರು ಎಂದು ನನ್ನ ನೆನಪು. ಕೊನೆಯವರೆಗೂ ನುಡಿಸಿದರು ಎಂದು ಜೊತೆಗಿದ್ದ ಗೆಳೆಯನ ವಾದ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು ಅನ್ನೋಣವೆಂದರೆ, ನಾನು ಕೂರಲೇ ಇಲ್ಲ, ಅರ್ಧ ಹೊತ್ತು ಎದ್ದು ಓಡಾಡುತ್ತಿದ್ದೆ ಅನ್ನುತ್ತಾನೆ ಅವನು. ಇರಬಹುದು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿಯೂ ಗ್ರೀನ್ ಕಾರ್ಡ್ ಕೊಡುತ್ತಿದ್ದ, ನಾನು ಅದನ್ನು ಹಿಡಿದು ಅಲ್ಲಿಗೆ ಬಂದಿದ್ದ ಕಾಲ. ಮ್ಯಾನ್‌ಹೈಮಿನಲ್ಲಿ ನಾನೂ ಹುಬ್ಬಳ್ಳಿಯ ಈ ಗೆಳೆಯನೂ ಒಂದು ಮನೆ ಹಂಚಿಕೊಂಡಿದ್ದೆವು. ಕಾರ್ಡಿಗೆ ಐದು ವರ್ಷ ಆಯುಸ್ಸು, ಆದರೆ ಕಂಪನಿಯಲ್ಲಿ ಆಗಾಗ ಒಂದೊಂದು ಕುರ್ಚಿ ಸದ್ದಿಲ್ಲದೆ ಖಾಲಿಯಾಗುತ್ತಿತ್ತು. ಕಂಪನಿಯವರು ತೆಗೆಯುವ ಮೊದಲೇ ನಾನೇ ಕೆಲಸ ಬಿಟ್ಟುಬಿಡುತ್ತೇನೆ ಎಂದು ದಿನಾ ಹೇಳುತ್ತಿದ್ದೆ. ದಿನಾ ಟ್ರಾಮ್ ಹತ್ತಿ ಆಫೀಸಿಗೂ ಹೋಗುತ್ತಿದ್ದೆ.

ಗಿಟಾರ್ ನುಡಿಸುವವರು ನಮ್ಮ ಕೆಳಗಿನ ಮನೆಯವರು, ಅರವತ್ತರ ಹತ್ತಿರದ ಜರ್ಮನ್. ಅವರ ಇಂಗ್ಲಿಷ್ ಮಾತ್ರ ಅಮೆರಿಕದ ದಕ್ಷಿಣದ್ದು. ಊರಿನಲ್ಲಿದ್ದ ಅಮೆರಿಕನ್ ಸೈನಿಕರಿಂದ ಅದನ್ನೂ ಅವರ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನೂ ಒಟ್ಟಿಗೇ ಕಲಿತಿದ್ದರು. ಹದಿಹರೆಯದಿಂದಲೇ ಸೈನಿಕರ ಕ್ಲಬ್ಬುಗಳಲ್ಲಿ ನುಡಿಸಿದವರು; ನ್ಯೂರೆಂಬರ್ಗ್ ಕಡೆಯ ಕ್ಯಾಂಪುಗಳಿಗೂ ವ್ಯಾನಿನಲ್ಲಿ ಹೋಗಿಬರುತ್ತಿದ್ದರಂತೆ. ಅಮೆರಿಕ ಮಾತ್ರ ನೋಡಿರಲಿಲ್ಲ. ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೇಲೆ ಕ್ಯಾಂಪಿನ ಗೇಟುಗಳು ಹೊರಗಿನವರಿಗೆ ಬಿಗಿಯಾದವು. ಆಮೇಲೆ ಕೇಳುವ ಹುಡುಗರೇ ಯುದ್ಧಕ್ಕೆ ಹೊರಟರು. ಉಳಿದದ್ದು ಊರಾಚೆಯ ಹಳ್ಳಿಯ ಒಂದು ಫೆರೈನ್, ಅಂದರೆ ಸಂಘ. ಅಲ್ಲಿ ಪೋಸ್ಟಾಫೀಸಿನವರು, ಹಲ್ಲಿನ ಡಾಕ್ಟರು, ಎಲ್ಲರೂ ಶನಿವಾರ ಕೌಬಾಯ್ ಟೋಪಿ ಹಾಕಿಕೊಂಡು ಸಾಲಾಗಿ ನಿಂತು ಕುಣಿಯುತ್ತಿದ್ದರು. ಹಾಡುಗಳಿಗೆ ಒಂದು ಬ್ಯಾಂಡ್, ಬ್ಯಾಂಡಿಗೆ ಇವರ ಗಿಟಾರ್.

ಪಿಕ್ ಎಂಬ ಮೀಟುವ ಬಿಲ್ಲೆ ಹಿಡಿದ ಕೈಯ ಉಳಿದ ಬೆರಳುಗಳಿಂದಲೂ ತಂತಿ ಮೀಟುತ್ತಿದ್ದರು, ಹಾಗಾಗಿ ಇಬ್ಬರು ನುಡಿಸಿದಂತೆ ಕೇಳುತ್ತಿತ್ತು. ಆದರೆ ಅವರ ವಿಶೇಷ ಅದಲ್ಲ. ಗಿಟಾರಿನೊಳಗೆ ಸ್ಪ್ರಿಂಗಿನ ಒಂದು ಸಣ್ಣ ಲಿವರ್ ಕೂರಿಸಿ ಹೆಗಲ ಪಟ್ಟಿಗೆ ಸೇರಿಸಿದ್ದರು. ಗಿಟಾರಿನ ಕತ್ತನ್ನು ಕೆಳಕ್ಕೆ ಒತ್ತಿದರೆ ಒಂದೇ ಒಂದು ತಂತಿ ಬಿಗಿದು ಸ್ವರ ಮೇಲೇರುತ್ತಿತ್ತು, ಮಿಕ್ಕವು ಇದ್ದಲ್ಲೇ. ಮೊದಲ ಸಲ ಅವರ ಬಾಗಿಲಲ್ಲಿ ನಿಂತು ಕೇಳಿದಾಗ, ಧಾರವಾಡದಲ್ಲಿ ಸಿತಾರ್ ಕಲಿಯಲು ಹೋಗಿ, ತಂತಿ ಎಳೆದು ಸ್ವರ ಜಾರಿಸುವ ಮೀಂಡಿನ ಪಾಠದಲ್ಲೇ ಅರ್ಧಕ್ಕೆ ಬಿಟ್ಟಿದ್ದ ಗೆಳೆಯ ಕುಣಿದಾಡಿದ.

"ಲೇ, ಇದು ಮೀಂಡ್ ಐತಲೇ! ಮುದುಕ ಭುಜದಾಗ ಮೀಂಡ್ ತಗೀತಾನ!"

"ಮೀಂಡ್ ಅಲ್ಲ ಗುರು, ಸ್ಪ್ರಿಂಗು."

"ನಿನಗ ದೇವರು ಬಂದ್ರೂ ಸ್ಪ್ರಿಂಗ ಕಾಣ್ತದ."

ಆ ಸ್ವರವನ್ನು ಅವರು ತಾಳಕ್ಕೆ ಸರಿಯಾಗಿ ಏರಿಸುತ್ತಿರಲಿಲ್ಲ. ತಾಳ ಬಿದ್ದ ಮೇಲೆ, ಬೇಕೋ ಬೇಡವೋ ಎಂಬಂತೆ, ತುಸು ತಡವಾಗಿ. ತೊಂದರೆ ಇದ್ದದ್ದೇ ಅಲ್ಲಿ. ಸಂಘದ ಕುಣಿತ ಎಂಟರ ಎಣಿಕೆಯದು, ಎಂಟಾದ ಕೂಡಲೇ ಸಾಲು ತಿರುಗಬೇಕು. ಕುಣಿತ ಕಲಿಸುತ್ತಿದ್ದಾಕೆ ಬ್ಯಾಂಡಿನ ಯಜಮಾನನ ಹೆಂಡತಿ. ಆತ ಡ್ರಮ್ ಬಾರಿಸುತ್ತಿದ್ದ.

ಆ ವಾರ ಮೆಟ್ಟಿಲ ಮೇಲೆ ಸಿಕ್ಕಾಗ ಗಿಟಾರಿನವರೇ ಹೇಳಿದರು: "ಈ ಶನಿವಾರ ತಾಳಕ್ಕೆ ಸರಿಯಾಗಿ, ನೇರವಾಗಿ ನುಡಿಸಬೇಕಂತೆ. ನಾನು ಎಳೆದರೆ ಆಕೆಯ ಜನರ ಕಾಲು ಗಾಳಿಯಲ್ಲೇ ನಿಲ್ಲುತ್ತಂತೆ. ಇಲ್ಲದಿದ್ದರೆ ಕೀಬೋರ್ಡಿನ ಹುಡುಗ ಒಬ್ಬ ಸಿದ್ಧ ಇದ್ದಾನೆ."

"ನೇರವಾಗಿ ನುಡಿಸೋಕೆ ಆಗಲ್ವಾ?" ಅಂದೆ.

"ನಿನ್ನ ಜರ್ಮನ್‌ನಲ್ಲಿ ಇಂಡಿಯಾ ಕೇಳಿಸದ ಹಾಗೆ ಮಾತಾಡು ನೋಡೋಣ."

"ಹಾಗಾದ್ರೆ ಬಿಟ್ಟುಬಿಡಿ."

"ಬಿಟ್ಟು ಎಲ್ಲಿ ನುಡಿಸಲಿ? ಬಾತ್‌ರೂಮಿನಲ್ಲಾ?"

ಶನಿವಾರ ಅವರ ಕಾರಿನಲ್ಲೇ ಹೋದೆವು. ಆಲೂಗಡ್ಡೆ ಸಲಾಡಿನಲ್ಲಿ ಮಾಂಸ ಇದೆಯಾ ಎಂದು ಗೆಳೆಯ ವಿಚಾರಿಸಿದ. ಇಲ್ಲವೇ ಇಲ್ಲ, ಕಲಸಿದ ಸಾರು ಮಾತ್ರ ದನದ್ದು ಎಂದಳು ಬಡಿಸುತ್ತಿದ್ದ ಟೋಪಿಯ ಹೆಂಗಸು. ಬರೀ ಬ್ರೆಡ್ ತಿಂದೆವು. ಮೊದಲರ್ಧ ಅವರು ಹೇಳಿದಂತೆಯೇ ನುಡಿಸಿದರು. ಒಂದು ಸ್ವರವೂ ಜಾರಲಿಲ್ಲ. ಸಾಲುಗಳು ಚೊಕ್ಕವಾಗಿ ತಿರುಗಿದವು.

"ಏನಲೇ ಇದು, ಮಗ್ಗಿ ಒಪ್ಪಸಾಕತ್ತಾನ," ಅಂದ ಗೆಳೆಯ.

ನನಗೆ ಕೂರಲಾಗಲಿಲ್ಲ. ಹೊರಗೆ ಹೋದೆ, ಕಾರುಗಳ ನಡುವೆ ಸುತ್ತಿದೆ, ಒಳಗೆ ಬಂದೆ. ಯಾಕಷ್ಟು ಚಡಪಡಿಸಿದೆನೋ, ಕಂಟ್ರಿ ಸಂಗೀತ ನನಗೇನೂ ಇಷ್ಟವಿರಲಿಲ್ಲ. ವಿರಾಮದ ನಂತರ ಒಂದು ನಿಧಾನದ ಹಾಡು ಬಂತು. ಅವರ ಎಡಭುಜ ಇಳಿದು ಗಿಟಾರಿನ ಕತ್ತು ಕೆಳಗೆ ಬಾಗಿದ್ದನ್ನು ಕಂಡೆ. ತಾಳ ಬಿತ್ತು, ಸ್ವರ ಅಲ್ಲೇ ನಿಂತು, ಆಮೇಲೆ ಏರಿತು. ಮುಂದಿನ ಸಾಲಿನಲ್ಲಿ ಅರ್ಧ ಜನ ತಿರುಗಿದರು, ಅರ್ಧ ಜನ ತಿರುಗಲಿಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಟೋಪಿಯೊಂದು ಉರುಳಿತು. ಟೋಪಿ ಗೀಪಿ ಏನೂ ಬೀಳಲಿಲ್ಲ ಅನ್ನುತ್ತಾನೆ ಗೆಳೆಯ. ಡ್ರಮ್ಮಿನವನು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಇದನ್ನು ಇಬ್ಬರೂ ನೋಡಿದ್ದೇವೆ. ಮುಂದಿನದರಲ್ಲೇ ಜಗಳ. ನನ್ನ ನೆನಪಿನಲ್ಲಿ ಅವರು ನಗುತ್ತಾ ಪಟ್ಟಿ ಕಳಚಿ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಹೊರಟುಬಿಡುತ್ತಾರೆ.

"ಹೊರಟಿದ್ರ ನಾವ್ ಮನೀಗೆ ಹೆಂಗ್ ಬಂದ್ವಿ ಹೇಳು? ಅವನ ಕಾರಿನಾಗ ಬಂದೀವಿ, ಎಲ್ಲಾ ಮುಗದ ಮ್ಯಾಲೆ," ಅನ್ನುತ್ತಾನೆ ಗೆಳೆಯ. ಅವನೀಗ ರೇಗನ್ಸ್‌ಬರ್ಗಿನಲ್ಲಿದ್ದಾನೆ. ಫೋನಿನಲ್ಲಿ ಈ ವಾದ ಎಷ್ಟು ಸಲ ಆಗಿದೆಯೋ. ಟ್ರಾಮ್ ಇತ್ತಲ್ಲ ಅಂದರೆ, ಆ ಹಳ್ಳಿಗೆ ಟ್ರಾಮ್ ಎಲ್ಲಿತ್ತು ಅನ್ನುತ್ತಾನೆ.

ಅದಾದ ಸ್ವಲ್ಪ ದಿನಕ್ಕೆ ನಾನು ಕೆಲಸ ಬಿಟ್ಟು ಬೇರೆ ಊರಿಗೆ ಹೋದೆ. ಈ ಕಥೆಯನ್ನು ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಅವರು ಇನ್ನಷ್ಟು ಬೇಗ ಪೆಟ್ಟಿಗೆ ಮುಚ್ಚುತ್ತಾರೆ. ಬಿಟ್ಟು ಹೋದ ಒಬ್ಬ ಮನುಷ್ಯ ಆಗ ನನಗೆ ಬೇಕಿತ್ತೇನೋ.

ಈಚೆಗೆ ಆ ಸಂಘದ ವೆಬ್‌ಸೈಟಿನಲ್ಲಿ ಹಳೆಯ ಫೋಟೊಗಳನ್ನು ಹುಡುಕಿದೆ. ನಾನು ಊರು ಬಿಟ್ಟ ಮರುವರ್ಷದ್ದೊಂದು ಸಿಕ್ಕಿತು. ಮುಂದೆ ಕೀಬೋರ್ಡಿನ ಹುಡುಗ ನಿಂತಿದ್ದಾನೆ. ಹಿಂದೆ, ಡ್ರಮ್ಮಿನ ಪಕ್ಕದಲ್ಲಿ, ಅವರಿದ್ದಾರೆ. ದೊಡ್ಡದು ಮಾಡಿ ನೋಡಿದೆ, ಗೆಳೆಯನಿಗೂ ಕಳಿಸಿ ಖಾತ್ರಿ ಮಾಡಿಕೊಂಡೆ. ಅವರ ಕೈಯಲ್ಲಿರುವುದು, ಡ್ರಮ್ಮಿನ ಜೊತೆ ತಾಳ ಹಿಡಿಯುವ, ನಾಲ್ಕು ತಂತಿಯ ಬೇಸ್ ಗಿಟಾರ್.