ದೊರಸಾನಿಯ ಮಾಲಿ

ಗಜೇಂದ್ರಗಡದ ಗುರುಸಂಗಪ್ಪ ಸಾಹುಕಾರರ ಹಿತ್ತಲಿನ ಮಾಲಿ ಗ್ಯಾನಪ್ಪನಿಗೆ ತಿಳಿಯದ ಗಿಡ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅದು ಗಿಡದ ತಪ್ಪು. ಧಾರವಾಡದ ಸಾಹೇಬನೊಬ್ಬ ಊರು ಬಿಡುವಾಗ ಕೊಟ್ಟುಹೋದ, ಔಡಲದಂಥ ಎಲೆಯ ವಿಲಾಯಿತಿ ಹೂಗಿಡಕ್ಕೆ ಅವನು ದೊರಸಾನಿ ಎಂದು ಹೆಸರಿಟ್ಟಿದ್ದ. ಎರೆಮಣ್ಣಿನಲ್ಲಿ ಅವಳ ಬೇರು ಕೊಳೆಯಬಾರದೆಂದು ಹಳ್ಳದ ಮರಳು ಬೆರೆಸುತ್ತಿದ್ದ, ಬುಡಕ್ಕೆ ಜೋಳದ ಹೊಟ್ಟು ಹಾಸುತ್ತಿದ್ದ, ಮಧ್ಯಾಹ್ನ ತನ್ನ ಕಂಬಳಿಯನ್ನೇ ಅವಳಿಗೆ ಮರೆಕಟ್ಟಿ ತಾನು ಬಿಸಿಲಲ್ಲಿ ಬೇಯುತ್ತಿದ್ದ. ಸಂಕ್ರಾಂತಿಯ ಮರುದಿನ ಮಾತ್ರ ಕುಡಗೋಲು ಹಿಡಿದು, ಮಲ್ಲಿಗೆ ಬಳ್ಳಿಗೆ ಮಾಡಿದ ಹಾಗೆ, ಅವಳ ತುದಿಗಳನ್ನೆಲ್ಲ ಬೋಳಿಸಿಬಿಡುತ್ತಿದ್ದ. ಏಳು ವರ್ಷವಾದರೂ ಒಂದು ಹೂವಿಲ್ಲ. ಒಂದು ವರ್ಷ ಅದು ಪಕ್ಕದೂರು ಸೂಡಿಯ ಕಡೆಯಿಂದ ಬೀಸುವ ಗಾಳಿಯ ತಪ್ಪು, ಇನ್ನೊಂದು ವರ್ಷ ಕಣ್ಣು ಹಾಕಿದ ಬೀಗರ ತಪ್ಪು. "ನನ್ನ ಕೈಯಾಗ ಏನೂ ಕಸರಿಲ್ರಿ ಧಣ್ಯಾರ," ಎನ್ನುತ್ತಿದ್ದ. ಹತ್ಯಾರಗಳನ್ನೆಲ್ಲ ಒಪ್ಪಿಸಬೇಕೆಂದು ಸರಕಾರದ ಹುಕುಂ ಬಂದ ವರ್ಷ ಶಿಪಾಯಿಗಳು ಸಾಹುಕಾರರ ಅಜ್ಜನ ಕತ್ತಿಯ ಜೊತೆಗೆ ಗ್ಯಾನಪ್ಪನ ಕುಡಗೋಲನ್ನೂ ಹೊತ್ತುಕೊಂಡು ಹೋದರು. ಆ ಸಂಕ್ರಾಂತಿ ದೊರಸಾನಿಗೆ ಕ್ಷೌರವಿಲ್ಲದೆ ಕಳೆಯಿತು. ಬೇಸಿಗೆ ಮುಗಿಯುವಷ್ಟರಲ್ಲಿ, ಅವನು ವರ್ಷವೂ ಬೋಳಿಸುತ್ತಿದ್ದ ಅದೇ ತುದಿಗಳಲ್ಲಿ ಬಿಳಿ ಗೊಂಚಲುಗಳನ್ನು ಹೊತ್ತು ಅವಳು ನಿಂತಳು. "ಈ ವರ್ಷ ಕತ್ತರಸೋದ ಬ್ಯಾಡಂತ ನಾನ ಕೈ ತಡದಿದ್ದೆ ನೋಡ್ರಿ," ಎಂದು ಗ್ಯಾನಪ್ಪ ಧಣಿಯ ಮುಂದೆ ಮೀಸೆ ತಿರುವಿದ. ಧಣಿ ಒಳಗೆ ಹೋದ ಮೇಲೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಳೆಯ ಕಡಿತದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಒಮ್ಮ್ಯಾರ ಬ್ಯಾಡ ಅನಬಾರದಾಗಿತ್ತೇನ ತಾಯಿ," ಎಂದ.