ಗೋಡೆಯ ಆಚೆ ಮಲಗಿದ ಎತ್ತು

ಯುಗಾದಿ ಕಳೆದ ಮೇಲಿನ ಮೊದಲ ಸೋಮವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ನಾನು ಅಜ್ಜನ ಮನೆಯ ಪಡಸಾಲೆಯಲ್ಲಿ, ಬೀದಿ ಬಾಗಿಲಿನಿಂದ ಮೂರನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಎರಡೂ ತೋಳುಗಳ ಮೇಲೆ ಅಜ್ಜನ ಹಾಸಿಗೆ ಇತ್ತು. ಹಾಸಿಗೆ ಎಂದರೆ ಒಂದು ಕರಿ ಕಂಬಳಿ, ಅದರೊಳಗೆ ಸುತ್ತಿದ ಒಂದು ಕೌದಿ. ಅದನ್ನು ಅಲ್ಲಿಂದ ತೆಗೆಯಲು ಹೇಳಿದವನು ಗೌಂಡಿ. ಗೋಡೆ ಕಟ್ಟಲು ಅವನು ಸುಣ್ಣದಲ್ಲಿ ಅದ್ದಿದ ದಾರ ಎಳೆದಿದ್ದ, ಆ ದಾರ ಅಜ್ಜ ಮಲಗುವ ಜಾಗದ ಮೇಲೆಯೇ ಹಾದು ಹೋಗಿತ್ತು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಊರು ಕುಂದಗೋಳ ತಾಲೂಕಿನದು, ಕುಬಿಹಾಳದಿಂದ ಬಹಳ ದೂರವಲ್ಲ. ನಾನು ಆ ಮನೆಯ ಮಗಳ ಮಗ. ಊರ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿದ್ದರಿಂದ ಅಲ್ಲೇ ಇದ್ದೆ. ಮನೆಯನ್ನು ಹಂಚಿಕೊಳ್ಳುತ್ತಿದ್ದವರು ನನ್ನ ಇಬ್ಬರು ಸೋದರಮಾವಂದಿರು. ನನಗೆ ಅದರಲ್ಲಿ ಪಾಲಿರಲಿಲ್ಲ, ಆದ್ದರಿಂದ ಮಾತೂ ಇರಲಿಲ್ಲ. ನಾನು ರಾತ್ರಿ ಅಜ್ಜನ ಪಕ್ಕದಲ್ಲಿ ಮಲಗುತ್ತಿದ್ದೆ, ಅಷ್ಟೇ.

ನಮ್ಮ ಕಡೆಯ ಮನೆಗಳಲ್ಲಿ ಬೀದಿ ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ. ಅದಕ್ಕಿಂತ ಸೊಂಟದೆತ್ತರದಲ್ಲಿ ಪಡಸಾಲೆ, ಮನುಷ್ಯರು ಮಲಗುವುದು ಅಲ್ಲಿ. ಅಜ್ಜನ ಮನೆಯಲ್ಲಿ ಒಂದು ಜೋಡಿ ಎತ್ತು. ಕೆಂದೆತ್ತಿನ ಕೊರಳಲ್ಲಿ ಕಂಚಿನ ಗಂಟೆ, ಬಿಳಿ ಎತ್ತಿನ ಕೊರಳಲ್ಲಿ ಕಬ್ಬಿಣದ್ದು. ಎರಡೂ ಪಡಸಾಲೆಯ ಅಂಚಿಗೆ ಒಂದೇ ಗೋದಲಿಯಲ್ಲಿ ಮೇವು ತಿನ್ನುತ್ತಿದ್ದವು.

ಅಜ್ಜ ಮಲಗುವ ಕ್ರಮ ನನಗೆ ಬಾಯಿಪಾಠವಾಗಿತ್ತು. ಕಾಲು ತೊಳೆದು, ಬೆರಳಿನ ಸಂದಿಯ ನೀರನ್ನೂ ಧೋತರದ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದ. ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿಯುತ್ತಿದ್ದ. ರುಮಾಲನ್ನು ಸುತ್ತಿ ತಲೆಗೆ ಇಟ್ಟುಕೊಂಡು, ಎಡಕ್ಕೆ ಹೊರಳಿ, ಕೌದಿಯನ್ನು ಕುತ್ತಿಗೆಯವರೆಗೆ ಎಳೆದುಕೊಳ್ಳುತ್ತಿದ್ದ. ಬಲಗಿವಿ ಮಾತ್ರ ಹೊರಗೆ. ಆಮೇಲೆ ಕಾಯುತ್ತಿದ್ದ. ಎತ್ತುಗಳು ಮೇವು ಮುಗಿಸಿ, ನಿಂತು, ಮೈ ಕೊಡವಿ, ಮೊಣಕಾಲೂರಿ ಮಲಗುವಾಗ ಗಂಟೆ ಒಂದು ಬಗೆಯಲ್ಲಿ ಬಡಿದು ನಿಂತುಬಿಡುತ್ತದೆ. ಕೆಂದೆತ್ತು ಯಾವಾಗಲೂ ಮೊದಲು. "ಇದು ಮಲಗಿತು" ಎನ್ನುತ್ತಿದ್ದ. ಬಿಳಿಯದು ತಡ. ಅದರ ಗಂಟೆ ನಿಂತ ಮೇಲೆ ಅಜ್ಜ ಏನೂ ಅನ್ನುತ್ತಿರಲಿಲ್ಲ, ಅಷ್ಟರಲ್ಲಿ ಅವನ ಉಸಿರು ಬದಲಾಗಿರುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ಅವನ ಹರೆಯದಲ್ಲಿ ಒಂದು ಎತ್ತು ರಾತ್ರಿ ಹಗ್ಗ ಸುತ್ತಿಕೊಂಡು ಕೊರಳು ಬಿಗಿದು ಸತ್ತಿತ್ತು. ಆಗ ಅವನು ಅಲ್ಲೇ ಮಲಗಿದ್ದನಂತೆ, ಎಚ್ಚರವಾಗಲಿಲ್ಲವಂತೆ. ಅಂದಿನಿಂದ ಎರಡೂ ಸುಮ್ಮನಾದದ್ದು ಕಿವಿಗೆ ಬೀಳದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿ ಮಲಗಿ ಆ ರೂಢಿ ನನಗೂ ಅಂಟಿತ್ತು. ಇಂದಿಗೂ ಹುಬ್ಬಳ್ಳಿಯ ಮನೆಯಲ್ಲಿ ನಾನು ಎಡಕ್ಕೆ ಹೊರಳಿ, ಒಂದು ಕಿವಿ ಹೊರಗಿಟ್ಟು ಮಲಗುತ್ತೇನೆ. ಕೇಳುವಂಥದ್ದು ಅಲ್ಲಿ ಏನೂ ಇಲ್ಲ.

ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಪಂಚರು ಆ ದಿನವನ್ನೇ ಆರಿಸಿದ್ದರು. ಬೀದಿ ಬಾಗಿಲಿನಿಂದ ಹಿತ್ತಲಿನವರೆಗೆ ಮನೆ ಉದ್ದಕ್ಕೆ ಎರಡಾಯಿತು. ಕೆಂದೆತ್ತು ದೊಡ್ಡ ಮಾವನಿಗೆ, ಬಿಳಿಯದು ಸಣ್ಣ ಮಾವನಿಗೆ. ಹೊಲದಲ್ಲಿ ಎರಡನ್ನೂ ಕೂಡಿಸಿ ಪಾಳಿಯಂತೆ ಹೂಡುವುದು, ರಾತ್ರಿ ಅವರವರ ಎತ್ತು ಅವರವರ ಕಡೆಗೆ. ಕೊನೆಗೆ ಉಳಿದವನು ಅಜ್ಜ.

"ಎತ್ತು ಹಂಚೂದು ಸಸಾರ. ಮುದುಕರನ್ನ ಹಂಚೂದ ತ್ರಾಸ," ಎಂದು ಪಂಚರಲ್ಲಿ ಒಬ್ಬ ನಕ್ಕ. ಮೂರು ತಿಂಗಳು ಇವನ ಕಡೆ, ಮೂರು ತಿಂಗಳು ಅವನ ಕಡೆ ಎಂದಾಯಿತು. ಮೊದಲ ಪಾಳಿ ದೊಡ್ಡ ಮಾವನದು.

"ಅಜ್ಜಾರ, ನಿಮ್ಮದೇನರ ಮಾತು ಐತೇನ್ರಿ?"

"ನಂದೇನೈತಿ? ಹರೇದವರು ಹಂಚಕೊಳ್ಳಾಕತ್ತಾರ, ಹಂಚಕೊಳ್ಳಲಿ," ಎಂದ ಅಜ್ಜ. ಅವನ ನಿದ್ದೆಯ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ಅವನ ತಲೆಯಲ್ಲೂ ಇರಲಿಲ್ಲವೆಂದೇ ನನ್ನ ಅನಿಸಿಕೆ.

ಗೋಡೆ ಹಸಿ ಇಟ್ಟಂಗಿಯದು. ಅದು ಮಾಳಿಗೆಯ ತೊಲೆ ಮುಟ್ಟಿದ ದಿನ ರಾತ್ರಿ ಅಜ್ಜ ಎಲ್ಲವನ್ನೂ ಎಂದಿನಂತೆ ಮಾಡಿದ. ಕಂಚಿನ ಗಂಟೆ ನಿಂತಿತು. "ಇದು ಮಲಗಿತು" ಎಂದ. ಆಮೇಲೆ ಕಾದ. ನಾನು ಯಾವಾಗ ನಿದ್ದೆ ಹೋದೆನೋ ತಿಳಿಯದು. ಬೆಳಿಗ್ಗೆ ಎದ್ದಾಗ ಅವನು ಹಾಗೆಯೇ ಎಡಕ್ಕೆ ಹೊರಳಿ, ಕಣ್ಣು ತೆರೆದು ಮಲಗಿದ್ದ. ಮರುದಿನವೂ ಹಾಗೇ. ಕೆಲವು ದಿನಗಳಲ್ಲಿ ಅವನು ಊಟದ ನಡುವೆ ರೊಟ್ಟಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ.

ದೊಡ್ಡ ಮಾವ ತಮ್ಮನನ್ನು ಕರೆದ. "ರಾತ್ರಿ ಅಷ್ಟ ಬಿಳೇದನ್ನ ಈ ಕಡೆ ಕಟ್ಟೂಣು. ಯಪ್ಪ ಮಲಗಲಿ."

"ಕಟ್ಟೂಣು. ಹೆಂಡಿ ಯಾರದು?"

"ಏನ್ ಹೆಂಡಿ ಹಚ್ಚೀದಿಲೇ?"

"ಮೇವು ನಂದು ತಿಂದು, ಹೆಂಡಿ ನಿನ್ನ ತಿಪ್ಪಿಗೆ ಹಾಕತೈತಿ. ನನ್ನ ಹೊಲ ಏನ್ ತಿನಬೇಕು?"

"ಬುಟ್ಟೀಲೆ ತುಂಬಿ ಕೊಡತೀನಿ ತಗೊ."

"ನಿಮ್ಮನಿ ಬುಟ್ಟಿ ಅಳತಿ ನನಗ ಗೊತ್ತೈತಿ."

ಒಳಗಿನಿಂದ ದೊಡ್ಡ ಮಾವನ ಹೆಂಡತಿ, ನಮ್ಮ ದೊಡ್ಡತ್ತಿ, ಕೂಗಿದಳು: "ಅದರ ಮ್ಯಾಲೆ ನಿನ್ನ ಹೆಸರು ಬರಸಿ ಕಳಸತೀನಿ ತಗೊ ಯಪ್ಪಾ!"

ಇಂದು ಓದುವವರಿಗೆ ಇದು ನಗೆಯಾಗಿ ಕಾಣಬಹುದು. ಆಗ ಅಲ್ಲಿ ಯಾರೂ ನಗಲಿಲ್ಲ. ಎತ್ತು ರಾತ್ರಿ ಎಲ್ಲಿ ಮಲಗುತ್ತದೋ ಅದರ ಹೆಂಡಿ, ಅಂದರೆ ಸಗಣಿ, ಅಲ್ಲಿಯದು. ಹೊಲದ ಗೊಬ್ಬರವೂ ಒಲೆಯ ಕುಳ್ಳೂ ಅದರಿಂದಲೇ ಆಗಬೇಕು. ಪಾಲಾದ ಮೊದಲ ವರ್ಷ ಒಬ್ಬರಿಗೊಬ್ಬರು ಒಂದು ಬುಟ್ಟಿ ಬಿಟ್ಟುಕೊಟ್ಟರೆ ಮುಂದೆ ಹೊಲದ ಬದುವನ್ನೂ ಬಿಡಬೇಕಾಗುತ್ತದೆ ಎಂದು ಇಬ್ಬರೂ ನಂಬಿದ್ದರು. ಎತ್ತು ಅತ್ತಲೇ ಉಳಿಯಿತು.

ಆಮೇಲೆ ದೊಡ್ಡ ಮಾವ ಸಂತೆಯಿಂದ ಒಂದು ಕಬ್ಬಿಣದ ಗಂಟೆ ತಂದು, ಅದನ್ನೂ ಕೆಂದೆತ್ತಿನ ಕೊರಳಿಗೇ ಕಟ್ಟಿದ. ಅಂದು ಅಜ್ಜ ಸ್ವಲ್ಪ ಹೊತ್ತು ಕೇಳಿ ಎದ್ದು ಕೂತ.

"ಲೇ, ಎರಡೂ ಒಂದ ಕೊರಳಾಗ ಅದಾವು."

"ಹೆಂಗ ತಿಳೀತು ಯಪ್ಪಾ?"

"ಒಮ್ಮಿಗೇ ಎದ್ದು ಒಮ್ಮಿಗೇ ಮಲಗಿದ್ವು. ಜೋಡೆತ್ತು ಹಂಗ ಮಲಗೂದಿಲ್ಲ. ಗಂಡಾ ಹೆಂಡ್ತಿ ಸುದ್ದಾ ಹಂಗ ಮಲಗೂದಿಲ್ಲ."

ದೊಡ್ಡ ಮಾವ ಅದನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿದ.

ಕಿಂಡಿಯ ಯೋಚನೆ ಅಜ್ಜನದೇ. ಗೌಂಡಿ ಸಣ್ಣ ಮಾವನ ಹೊಸ ಬಾಗಿಲಿಗೆ ಚೌಕಟ್ಟು ಕೂಡಿಸಲು ಬಂದಾಗ, ಅಜ್ಜ ಅವನನ್ನು ಕರೆತಂದು ತನ್ನ ತಲೆ ಬರುವ ಜಾಗದಲ್ಲಿ ಗೋಡೆ ತೋರಿಸಿದ.

"ಕಿಂಡಿ ಎಷ್ಟು ಮಾಡ್ಲಿರಿ ಅಜ್ಜಾರ?"

"ಕಿವಿಗೆ ಸಾಕಾಗೂವಷ್ಟು."

"ಕಣ್ಣಿಗೆ ಬ್ಯಾಡೇನ್ರಿ?"

"ನೋಡೂದೇನೈತಿ ಅಲ್ಲಿ? ನಾ ಕಾಣಲಾರದ ಎತ್ತೇನು ಅದು?"

ಸಣ್ಣತ್ತಿ ಒಪ್ಪಲಿಲ್ಲ. "ನಾವು ಆಡೂ ಮಾತೆಲ್ಲಾ ಆ ಕಡೆ ಬೀಳತಾವ್ರಿ ಮಾವಾರ," ಎಂದಳು. "ನಾ ಎತ್ತಿಂದ ಅಷ್ಟ ಕೇಳತೀನಿ ಬೇ," ಎಂದ ಅಜ್ಜ. ಸಣ್ಣ ಮಾವ ಹೆಂಡತಿಯ ಕಡೆ ತಿರುಗಿ, "ಮುದುಕ ಮಲಗಲಿ ಬಿಡ" ಎಂದ. ಅವನು ಕೆಟ್ಟವನಲ್ಲ, ಇದನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಗೌಂಡಿ ಒಂದು ಇಟ್ಟಂಗಿ ತೆಗೆದ.

ಆ ರಾತ್ರಿ ಕಂಚಿನದು ನಿಂತಿತು. ಬಹಳ ಹೊತ್ತಾದ ಮೇಲೆ, ಕಿಂಡಿಯಿಂದ, ನೀರೊಳಗಿಂದ ಬಂದಂತೆ ಕಬ್ಬಿಣದ್ದು ಬಡಿದು ನಿಂತಿತು. ಅಜ್ಜನ ಉಸಿರು ಬದಲಾಯಿತು. ನಾನು ಅದನ್ನು ಕೇಳುತ್ತ ಮಲಗಿದೆ. ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ದಿನ ಅವನು ಹಾಗೆ ಮಲಗಿದ. ತಾಟಿನ ರೊಟ್ಟಿ ಪೂರ್ತಿ ತಿಂದು ಏಳತೊಡಗಿದ. ಒಂದು ಬೆಳಿಗ್ಗೆ ನನಗೆ, "ಮಾಸ್ತರಾ, ನಿನ್ನ ಗೊರಕಿ ಒಂದು ಇರಲಿಲ್ಲಂದ್ರ ನಾ ಇನ್ನೂ ನೂರು ವರ್ಷ ಬಾಳತಿದ್ದೆ" ಎಂದು ಚಾಷ್ಟಿ ಮಾಡಿದ. ಅವನ ಬಾಯಿಂದ ನಾನು ಕೇಳಿದ ಕೊನೆಯ ಚಾಷ್ಟಿ ಅದು.

ಮುಂದಿನದು ಹೀಗೆ ಆಯಿತು. ಊಟ ಮುಗಿದು ಇನ್ನೂ ಕಂದೀಲು ಆರಿಸಿರಲಿಲ್ಲ. ಅಜ್ಜ ಹಣೆಗೆ ವಿಭೂತಿ ಹಚ್ಚಿಕೊಂಡು ಆಗತಾನೆ ಒರಗಿದ್ದ. ಕಿಂಡಿಯ ಆಚೆ ಸಣ್ಣ ಮಾವ ಸಣ್ಣತ್ತಿ ಮಾತಾಡುತ್ತಿದ್ದರು. ಕಾಳಿನ ಚೀಲ ಎಲ್ಲಿಡಬೇಕು ಎಂಬ ಮಾತು. ಪಡಸಾಲೆಯ ಮೂಲೆಯಲ್ಲಿ ಇಡಬಹುದು ಎಂದ ಅವನು.

"ಅಲ್ಲಿ ಇಟ್ರ, ನಮ್ಮ ಪಾಳಿ ಬಂದಾಗ ಮಾವಾರ ಹಾಸಿಗಿ ಎಲ್ಲಿ ಹಾಸೂದು?"

ಸಣ್ಣ ಮಾವ ಆಕಳಿಸಿದ. "ಮುದುಕ ಅಲ್ಲೀತನಾ ಇದ್ರ ನೋಡೂಣು ತಗೊ."

ಅಷ್ಟೇ. ಸಿಟ್ಟಿರಲಿಲ್ಲ, ಹೊಲದಿಂದ ದಣಿದು ಬಂದ ಮನುಷ್ಯನ ಆಕಳಿಕೆ ಇತ್ತು. ಮತ್ತೆ ಚೀಲದ ಮಾತಿಗೇ ಹೋದರು. ಅಜ್ಜ ಅಲುಗಲಿಲ್ಲ. ನಾನು ಕಂದೀಲು ಸಣ್ಣದು ಮಾಡಿದೆ. ಕಂಚಿನದು ನಿಂತಿತು, ಆಮೇಲೆ ಕಬ್ಬಿಣದ್ದೂ ನಿಂತಿತು. ಅವನ ಉಸಿರು ಬದಲಾಗಲಿಲ್ಲ.

ಬೆಳಿಗ್ಗೆ ಅವನು ದೊಡ್ಡತ್ತಿಯ ಹತ್ತಿರ ಹೋದ. ಅವಳು ನೆಲ ಸಾರಿಸಲು ಹೆಂಡಿ ಮಣ್ಣು ಕಲಸುತ್ತಿದ್ದಳು.

"ಯವ್ವಾ, ಒಂದ್ಯಾಡ ಹಿಡಿ ಕೊಡು ಅದನ್ನ."

ಅವಳು ಬುಟ್ಟಿ ಹಿಡಿದುಕೊಂಡೇ ಹಿಂದೆ ಬಂದಳು. ಅಜ್ಜ ಗೋಡೆಯ ಬದಿಗೆ ಬಿದ್ದಿದ್ದ ಇಟ್ಟಂಗಿ ಚೂರುಗಳನ್ನು ಕಿಂಡಿಯೊಳಗೆ ಒಂದೊಂದಾಗಿ ಕೂಡಿಸಿದ. ಆಚೆ ಕಸ ಹೊಡೆಯುತ್ತಿದ್ದ ಸಣ್ಣತ್ತಿ ಬಗ್ಗಿ ನೋಡಿದಳು. ಕಿಂಡಿಯಲ್ಲಿ ಅವಳ ಒಂದು ಕಣ್ಣೂ ಮೂಗಿನ ನತ್ತೂ ನನಗೆ ಕಂಡವು.

"ಯಾಕ್ರಿ ಮಾವಾರ, ಮುಚ್ಚಾಕತ್ತೀರಿ?"

"ಗಾಳಿ ಬರತೈತಿ ಬೇ."

"ಬ್ಯಾಸಗ್ಯಾಗ ಗಾಳಿ ಬ್ಯಾಡೇನ್ರಿ?"

"ನನಗ ಬ್ಯಾಡ."

ಅವನು ಮಣ್ಣು ಮೆತ್ತಿದ. ಅಂಗೈಯಿಂದ ಸವರಿ, ಮತ್ತೆ ನೀರು ಹಚ್ಚಿ ಸವರಿ, ಸುತ್ತಲಿನ ಗೋಡೆಗೆ ಸರಿಯಾಗಿ ಹೊಂದಿಸಿದ. ಒಣಗಿದ ಮೇಲೆ ಎಲ್ಲಿತ್ತೆಂದು ಹುಡುಕಬೇಕಾಗಿತ್ತು.

ಅಂದಿನಿಂದ ಅವನು ಕಾಯುವುದನ್ನು ಬಿಟ್ಟ. ಕಾಲು ತೊಳೆದು ಒರೆಸಿಕೊಳ್ಳದೆ ಬರುತ್ತಿದ್ದ, ಕೌದಿಯನ್ನು ಎರಡೂ ಕಿವಿಗಳ ಮೇಲೆ ಎಳೆದುಕೊಳ್ಳುತ್ತಿದ್ದ. ನಿದ್ದೆ ಬರಲಿಲ್ಲ. ದೊಡ್ಡ ಮಾವ ಅವನನ್ನು ಕುಂದಗೋಳದ ಡಾಕ್ಟರರಿಗೆ ತೋರಿಸಿ ಗುಳಿಗೆ ತಂದ. ಗುಳಿಗೆ ತಗೊಂಡ ದಿನ ಅವನು ಬಿಸಿಲೇರುವವರೆಗೆ ಎಳೆದು ಹಾಕಿದಂತೆ ಬಿದ್ದಿರುತ್ತಿದ್ದ, ಎದ್ದ ಮೇಲೆ ನಮ್ಮನ್ನು ಯಾರೆಂದು ಕೇಳುತ್ತಿದ್ದ. ಕೆಲವು ದಿನಗಳ ನಂತರ ಗುಳಿಗೆ ಕೊಟ್ಟರೆ ಉಗುಳುತ್ತಿದ್ದ. ಸಣ್ಣ ಮಾವ ಒಂದು ಸಂಜೆ ತಾನಾಗಿಯೇ ಬಿಳಿ ಎತ್ತನ್ನು ಈ ಕಡೆ ಹೊಡೆದುಕೊಂಡು ಬಂದು, ಹಳೆಯ ಜಾಗದಲ್ಲಿ ಕೆಂದೆತ್ತಿನ ಪಕ್ಕ ಕಟ್ಟಿದ. "ಹೆಂಡಿ ನೀನ ಇಟಗೊ" ಎಂದು ಅಣ್ಣನಿಗೆ ಹೇಳಿದ. ಆ ರಾತ್ರಿ ಎರಡೂ ಗಂಟೆಗಳು ನಮ್ಮ ತಲೆಯ ಹತ್ತಿರವೇ ಒಂದಾದ ಮೇಲೊಂದು ನಿಂತವು. ನಾನು ಅಜ್ಜನ ಕಿವಿಯ ಮೇಲಿನ ಕೌದಿ ಸರಿಸಿದೆ. ಅವನು ಅದನ್ನು ಮತ್ತೆ ಎಳೆದುಕೊಂಡ.

ಮುಂಗಾರು ಬಿತ್ತನೆ ನಡೆದಿರುವಾಗ ಅಜ್ಜ ಹೋದ. ಸಣ್ಣ ಮಾವನ ಪಾಳಿ ಬರಲಿಲ್ಲ. ಮಣ್ಣು ಮಾಡಿ ಬಂದ ದಿನ ಸಣ್ಣ ಮಾವ ತನ್ನ ಪಡಸಾಲೆಯ ಮೂಲೆಯಲ್ಲಿದ್ದ ಕಾಳಿನ ಚೀಲಗಳನ್ನು ಒಬ್ಬನೇ ಹೊತ್ತು ಅಂಗಳಕ್ಕೆ ಹಾಕಿದ. ಮಳೆ ಬರುತ್ತಿತ್ತು, ಹೆಂಡತಿ ಬೈದಳು, ಅವನು ಕೇಳಲಿಲ್ಲ. ತಾನು ಆಕಳಿಸುತ್ತ ಅಂದ ಮಾತು ಗೋಡೆಯಿಂದೀಚೆ ಬಿದ್ದಿತ್ತೆಂದು ಅವನಿಗೆ ಯಾರು ಹೇಳಿದರೋ, ತಾನೇ ತಿಳಿದನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ.

ಕಿಂಡಿ ಮುಚ್ಚಿದ್ದನ್ನು ಕಣ್ಣಾರೆ ಕಂಡವರು ಮೂವರು. ಬುಟ್ಟಿ ಹಿಡಿದು ನಿಂತಿದ್ದ ದೊಡ್ಡತ್ತಿ ಈಗಿಲ್ಲ. ಮಾವಂದಿರಿಬ್ಬರೂ ಇಲ್ಲ. ಉಳಿದವರು ಈಚೆ ನಿಂತಿದ್ದ ನಾನು, ಆಚೆಯಿಂದ ಬಗ್ಗಿ ನೋಡಿದ ಸಣ್ಣತ್ತಿ. ಅವಳು ಅದೇ ಮನೆಯ ತನ್ನ ಅರ್ಧದಲ್ಲಿ, ಅದೇ ಗೋಡೆಯ ಪಕ್ಕ ಮಲಗುತ್ತಾಳೆ. ಕಳೆದ ಸಲ ಊರಿಗೆ ಹೋದಾಗ, ನಿದ್ದೆ ಬರುತ್ತದೆಯೇ ಎಂದು ಅವಳನ್ನು ಕೇಳಿದೆ. "ಎಲ್ಲಿ ಬರತೈತೋ ಯಪ್ಪಾ" ಎಂದಳು.